ಮಡಕಶಿರದ ಬಾವನಿಗೆ ಕಿನೋವಾ ಬಡಿಸಿದ್ದು

ಊರಿನ ಸುದ್ದಿ ಬರೆಯುವವನಿಗೆ ತನ್ನ ಮನೆಯ ಸುದ್ದಿ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ, ವೃತ್ತಿಯ ಅನುಭವವೆಂದು ದಾಖಲಿಸುತ್ತಿದ್ದೇನೆ. ಗಡಿಯೂರಾದ ರಾಯದುರ್ಗದಿಂದ ಕನ್ನಡ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತ ಕಳಿಸುತ್ತ ನನ್ನ ತಲೆ ಬೆಳ್ಳಗಾಗಿದೆ. ಯಾವ ಓಣಿಯ ಬೋರ್‌ವೆಲ್ ಕೆಟ್ಟಿದೆ, ಯಾವ ವಾರ್ಡಿನ ಸಚಿವಾಲಯ ಕಚೇರಿಯಲ್ಲಿ ಸರ್ವರ್ ಇಲ್ಲ, ಡಿ. ಹಿರೇಹಾಳಿನ ಬಸ್ಸು ಯಾಕೆ ತಡ, ಇವೆಲ್ಲ ನನಗೆ ಬಾಯಿಪಾಠ. ಆದರೆ ನಮ್ಮ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ‘ಸಂಬಂಧಪಟ್ಟವರು ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂದು ಬರೆದು ಮುಗಿಸಬೇಕಾಗುತ್ತದೆ. ಸಂಬಂಧಪಟ್ಟವರು ಎಂದರೆ ನನ್ನ ಹೆಂಡತಿ ಜಯಮ್ಮ. ಆಕೆ ಅಮರಾಪುರದ ಹತ್ತಿರದ ಹಳ್ಳಿಯವಳು, ಅಂದರೆ ಮಡಕಶಿರದ ಕಡೆಯವಳು. ಮದುವೆಯಾಗಿ ಮೂವತ್ತು ವರ್ಷ ರಾಯದುರ್ಗದಲ್ಲಿದ್ದರೂ ಆಕೆಯ ಮಾತಾಗಲಿ ಮುದ್ದೆಯಾಗಲಿ ಒಂದಿಷ್ಟೂ ನಮ್ಮ ಕಡೆಗೆ ವಾಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸುದ್ದಿ ಸಂಪಾದಕರು ಒಂದು ಮಾತು ಹೇಳುತ್ತಿದ್ದರು: “ಒಬ್ಬರು ಹೇಳಿದ್ದನ್ನು ಬರೆಯಬೇಡ. ಇನ್ನೊಬ್ಬರನ್ನೂ ಕೇಳು. ಸುದ್ದಿ ಯಾರ ಬಗ್ಗೆಯೋ ಅವರನ್ನಂತೂ ಕೇಳದೆ ಬಿಡಬೇಡ.” ಈ ನಿಯಮವನ್ನು ನಾನು ಚರಂಡಿ ಸುದ್ದಿಯಿಂದ ಹಿಡಿದು ಚುನಾವಣೆ ಸುದ್ದಿಯವರೆಗೆ ತಪ್ಪದೆ ಪಾಲಿಸಿದ್ದೇನೆ. ಅಡುಗೆಮನೆಗೂ ಇದು ಅನ್ವಯಿಸುತ್ತದೆ ಎಂದು ಅವರು ಹೇಳಿರಲಿಲ್ಲ. ಹೇಳಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಡೆದದ್ದು ಇಷ್ಟು. ಜಯಮ್ಮ ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಕೈಯನ್ನು ಕೊರಳಿಗೆ ತೂಗುಹಾಕಿ, “ಈ ಕೈಯಿಂದ ಒಂದು ಚಮಚವನ್ನೂ ಎತ್ತಕೂಡದು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಅಡುಗೆ ಮಾಡ್ತೀರಲ್ರಿ?” ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಜಯಮ್ಮ ನಗಲು ಶುರುಮಾಡಿದಳು. ಮೂಳೆ ಮುರಿದವಳು ನಗುವುದನ್ನು ನೋಡಿ ಡಾಕ್ಟರಿಗೆ ಗಾಬರಿಯಾಯಿತು.

ನಗುವಿಗೆ ಕಾರಣವಿತ್ತು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಮುಟ್ಟುವುದಕ್ಕೆ ನನಗೆ ಅನುಮತಿಯಿಲ್ಲ. ಒಮ್ಮೆ ಹಾಲು ಕಾಯಲು ಇಟ್ಟು, ಅದೇ ಹೊತ್ತಿಗೆ ಪತ್ರಿಕೆಯ ಡೆಸ್ಕಿನಿಂದ ಫೋನು ಬಂತೆಂದು ಅಂಗಳಕ್ಕೆ ಹೋಗಿ ಸುದ್ದಿ ಹೇಳುತ್ತ ನಿಂತಿದ್ದೆ. ಹಾಲು ಉಕ್ಕಿ, ಇಂಗಿ, ಪಾತ್ರೆ ಕೆಂಪಾಗಿ, ಆಮೇಲೆ ಕಪ್ಪಾಗಿ, ಹೊಗೆ ಕಿಟಕಿಯಿಂದ ಹೊರಗೆ ಬಂದು ನನ್ನನ್ನು ಹುಡುಕಿಕೊಂಡು ಬಂದಾಗ ನಾನಿನ್ನೂ ಮಾತಾಡುತ್ತಲೇ ಇದ್ದೆ. ಹೇಳುತ್ತಿದ್ದ ಸುದ್ದಿ ಯಾವುದೆಂದರೆ, ಮನೆಯಲ್ಲಿ ಬೆಂಕಿ ಅನಾಹುತ ತಡೆಯುವ ಬಗ್ಗೆ ಶಾಲೆಯೊಂದರಲ್ಲಿ ನಡೆದ ತಿಳಿವಳಿಕೆ ಕಾರ್ಯಕ್ರಮ. ಅಂದಿನಿಂದ ಜಯಮ್ಮ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡಿಲ್ಲ.

ಹೀಗಾಗಿ ಮೊದಲ ಕೆಲವು ದಿನ ಬೆಳಿಗ್ಗೆ ಹೋಟೆಲಿನ ಇಡ್ಲಿ, ಮಧ್ಯಾಹ್ನ ರತ್ನಮ್ಮ ಕೊಟ್ಟ ರೊಟ್ಟಿ, ರಾತ್ರಿ ಮಧ್ಯಾಹ್ನ ಉಳಿದದ್ದು, ಹೀಗೆ ನಡೆಯಿತು. ರತ್ನಮ್ಮ ನಮ್ಮ ಮನೆಯ ಮುಂದಿನ ಭಾಗದಲ್ಲಿ ಬಾಡಿಗೆಗೆ ಇರುವಾಕೆ. ಆಕೆಯ ಗಂಡ ತಿಪ್ಪೇಸ್ವಾಮಿ ಜೀನ್ಸ್ ಪ್ಯಾಂಟು ಹೊಲಿಯುತ್ತಾನೆ. ನಮ್ಮೂರಿನಲ್ಲಿ ಅರ್ಧ ಊರು ಅದನ್ನೇ ಮಾಡುವುದರಿಂದ ಇದರಲ್ಲಿ ವಿಶೇಷವೇನಿಲ್ಲ. ಗಂಡ, ಹೆಂಡತಿ ಮತ್ತು ಇಬ್ಬರು ಕೆಲಸದವರು ಸೇರಿ ಬೆಳಗಿನಿಂದ ಕತ್ತಲಾಗುವವರೆಗೆ ಮೋಟಾರು ಮಿಷನ್ ಓಡಿಸುತ್ತಾರೆ. ಆ ಸದ್ದಿಗೆ ನಾವು ಎಷ್ಟು ಒಗ್ಗಿದ್ದೇವೆಂದರೆ, ಅದು ನಿಂತರೆ ನಮಗೆ ಎಚ್ಚರವಾಗುತ್ತದೆ.

ಹೋಟೆಲ್ ಇಡ್ಲಿಯ ಸುದ್ದಿ ಮೂರನೆಯ ದಿನಕ್ಕೆ ಮಡಕಶಿರದ ಕಡೆಗೆ ತಲುಪಿತು. ತಲುಪಿಸಿದವರು ಯಾರೆಂದು ನಾನು ತನಿಖೆ ಮಾಡಲಿಲ್ಲ. ಸಂಜೆ ಜಯಮ್ಮನ ಅಣ್ಣ ಈರಣ್ಣನವರ ಫೋನು ಬಂತು. ಅವರನ್ನು ನಾನು ಬಾವ ಎನ್ನುತ್ತೇನೆ, ನನ್ನನ್ನು ಅವರೂ ಬಾವ ಎನ್ನುತ್ತಾರೆ. ಆದರೆ ಎರಡು ಬಾವಗಳ ತೂಕ ಬೇರೆ. ನನ್ನದರಲ್ಲಿ ಮರ್ಯಾದೆ ಇರುತ್ತದೆ, ಅವರದರಲ್ಲಿ ವಿಚಾರಣೆ.

“ಏನ್ ಬಾವ, ನಮ್ ಹುಡ್ಗಿಗೆ ಓಟ್ಲು ಇಡ್ಲಿ ತಿನ್ನುಸ್ತಿದೀರಂತೆ?”

ಹುಡುಗಿಗೆ ಈಗ ಐವತ್ತು ದಾಟಿದೆ. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

“ಮುರ್ದ ಮೂಳೆ ಕೂಡ್ಬೇಕು ಅಂದ್ರೆ ರಾಗಿ ವೊಟ್ಟೆಗೋಗ್ಬೇಕು. ಅಲ್ಯಾರವ್ರೆ ಮುದ್ದೆ ತಿರುವೋರು? ನೀವು ತಿರುವ್ತೀರಾ? ಭಾನ್ವಾರ ಕಾರ್ ಮಾತಾಡ್ಕಂಡ್ ಬತ್ತೀನಿ. ಒಂದ್ ತಿಂಗ್ಳು ನಮ್ಮನೇಲಿರ್ಲಿ ಬಿಡಿ.”

‘ನೀವು ತಿರುವ್ತೀರಾ’ ಎಂಬ ಪ್ರಶ್ನೆಗೆ ಮೂವತ್ತು ವರ್ಷದ ಹಿನ್ನೆಲೆಯಿದೆ, ಅದನ್ನು ಇಲ್ಲಿ ಹೇಳಲೇಬೇಕು. ನಮ್ಮ ರಾಯದುರ್ಗದ ಕಡೆ ಜೋಳದ ರೊಟ್ಟಿ ಮತ್ತು ಅನ್ನ ತಿಂದು ಬೆಳೆದವನು ನಾನು. ಹೊಸ ಅಳಿಯನಾಗಿ ಮೊದಲ ಸಲ ಜಯಮ್ಮನ ಊರಿಗೆ ಹೋದಾಗ, ಎಲ್ಲರ ಜೊತೆ ಸಾಲಿನಲ್ಲಿ ಕೂರಿಸಿ ಬಿಸಿಬಿಸಿ ಮುದ್ದೆ ಬಡಿಸಿದರು. ನಾನು ಒಂದು ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಇದು ಆ ಕಡೆ ಮಾತು ಬಾರದ ಮಗುವಿಗೂ ಗೊತ್ತು. ನನಗೆ ಯಾರೂ ಹೇಳಿರಲಿಲ್ಲ. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಊಟ ನಿಲ್ಲಿಸಿ ನನ್ನ ದವಡೆಯನ್ನು ನೋಡತೊಡಗಿದರು. ಈರಣ್ಣನವರು ಒಳಗಿನವರನ್ನು ಕೂಗಿ ಕರೆದರು: “ಬನ್ರೇ, ಬನ್ನಿ, ಅಳಿಯಂದ್ರು ಮುದ್ದೆ ಅಗೀತಾವ್ರೆ!” ಸಂಜೆಯ ಹೊತ್ತಿಗೆ ಪಕ್ಕದ ಹಳ್ಳಿಗೂ ಸುದ್ದಿ ಮುಟ್ಟಿತ್ತು. ನನ್ನ ಯಾವ ವರದಿಯೂ ಅಷ್ಟು ಬೇಗ ಅಷ್ಟು ಜನರನ್ನು ತಲುಪಿಲ್ಲ. ಅಂದಿನಿಂದ ಆ ಮನೆಯಲ್ಲಿ, ತಿನ್ನುವ ವಿಷಯದಲ್ಲಿ ನನ್ನ ಮಾತಿಗೆ ಯಾವ ಬೆಲೆಯೂ ಇಲ್ಲ.

ಆ ಅವಮಾನವೆಲ್ಲ ಒಟ್ಟಿಗೆ ಬಾಯಿಗೆ ಬಂದಿರಬೇಕು. “ಬರ್ರಿ ಬಾವ, ಖಂಡಿತ ಬರ್ರಿ” ಎಂದೆ. “ಆದ್ರ ಮಧ್ಯಾಹ್ನದ ಊಟ ನಮ್ಮನ್ಯಾಗ. ನಾನ ಮಾಡಿರ್ತೀನಿ. ಅದು ನಿಮಗ ಸೇರಲಿಲ್ಲಂದ್ರ ನಿಮ್ಮ ತಂಗೀನ ಕರ್ಕೊಂಡು ಹೋಗ್ರಿ. ಸೇರಿದ್ರ ಆಕಿ ಇಲ್ಲೇ ಇರ್ತಾಳ.”

ಆ ಕಡೆಯಿಂದ ಒಬ್ಬರದಲ್ಲ, ನಾಲ್ಕೈದು ಜನರ ನಗು ಕೇಳಿಸಿತು. ಫೋನಿನ ಸ್ಪೀಕರ್ ಹಾಕಿದ್ದರೆಂದು ಆಗ ಗೊತ್ತಾಯಿತು.

ನನಗೆ ಜಯಮ್ಮ ಹೋಗುವುದು ಬೇಡವಾಗಿತ್ತು. ಇದನ್ನು ಇದಕ್ಕಿಂತ ಉದ್ದ ಮಾಡಿ ಬರೆಯುವುದಕ್ಕೆ ನನಗೆ ಬರುವುದಿಲ್ಲ. ಒಂದು ತಿಂಗಳು ಆಕೆಯಿಲ್ಲದ ಮನೆ ಎಂದರೆ ಹೇಗಿರುತ್ತದೆಂದು ಯೋಚಿಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ಖಾಲಿ ಪುಟ. ಜಾಹೀರಾತು ಕೂಡ ಇಲ್ಲದ ಖಾಲಿ ಪುಟ. ಆದರೆ ಈ ಮಾತನ್ನು ಆಕೆಗೆ ಹೇಳಲಿಲ್ಲ. ಆಕೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಅಲ್ಲಾ, ನಾನಿಲ್ದಿದ್ರೆ ನೀವೇನ್ ತಿಂತೀರಾ?” ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಯನ್ನು ಆಕೆ ಆ ವಾರದಲ್ಲಿ ಹಲವು ಸಲ ಕೇಳಿದಳು. ಪ್ರತಿ ಸಲವೂ ನಾನು ಅದನ್ನು ಹಂಗಿಸುವ ಮಾತೆಂದೇ ತಿಳಿದೆ.

ಈಗ ಏನು ಅಡುಗೆ ಮಾಡುವುದು ಎಂಬ ಪ್ರಶ್ನೆ. ಗ್ಯಾಸ್ ಮುಟ್ಟುವಂತಿಲ್ಲ. ಉಳಿದದ್ದು ಮೈಕ್ರೋವೇವ್. ಅನಂತಪುರದಲ್ಲಿ ಬ್ಯಾಂಕಿನಲ್ಲಿರುವ ಮಗಳು ಸುಮಾ ಮನೆ ಬದಲಿಸುವಾಗ, “ಇಲ್ಲಿ ಜಾಗ ಇಲ್ಲಪ್ಪ” ಎಂದು ಅದನ್ನು ನಮ್ಮಲ್ಲಿ ತಂದಿಟ್ಟು ಹೋಗಿದ್ದಳು. ಅದರ ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ, ಇರುವೆ ನುಗ್ಗುವುದಿಲ್ಲ ಎಂಬುದನ್ನು ಜಯಮ್ಮ ಮೊದಲ ದಿನವೇ ಕಂಡುಕೊಂಡು, ಶೇಂಗಾ ಚಟ್ನಿಪುಡಿ, ಬೆಲ್ಲ, ಹುರಿಗಡಲೆಗಳನ್ನು ಅದರೊಳಗೆ ಇಟ್ಟಳು. ಮೇಲೆ ಕಸೂತಿಯ ಬಟ್ಟೆ ಹಾಸಿ, ನೇಮಕಲ್ಲಿನ ಆಂಜನೇಯನ ಫೋಟೋ ಇಟ್ಟಳು. ಅದು ವಿದ್ಯುತ್ತಿನಿಂದ ನಡೆಯುವ ವಸ್ತು ಎಂಬುದನ್ನೇ ನಾವಿಬ್ಬರೂ ಮರೆತಿದ್ದೆವು.

ಇನ್ನು ಕಿನೋವಾ. ಹೋದ ವರ್ಷ ಕೃಷಿ ಪ್ರದರ್ಶನವೊಂದರ ವರದಿಗೆ ಹೋದಾಗ ಪತ್ರಕರ್ತರಿಗೆಲ್ಲ ಒಂದೊಂದು ಚೀಲ ಕೊಟ್ಟಿದ್ದರು. ಅದರಲ್ಲಿ ಒಂದು ಪೆನ್ನು, ಭಾಷಣದ ಪ್ರತಿ ಮತ್ತು ಒಂದು ದೊಡ್ಡ ಪ್ಯಾಕೆಟ್ ಕಿನೋವಾ. ಬಿಳಿ ನವಣೆಯಂತೆ ಕಾಣುವ ಸಣ್ಣ ಕಾಳು. ನೀರು ಕಮ್ಮಿ ಸಾಕು, ನಮ್ಮ ಭೂಮಿಗೆ ಹೊಂದುತ್ತದೆ, ಸಕ್ಕರೆ ಕಾಯಿಲೆಯವರಿಗೂ ಆಗುತ್ತದೆ ಎಂದು ವೇದಿಕೆಯಿಂದ ಹೇಳಿದ್ದನ್ನು ನಾನೂ ಬರೆದು ಕಳಿಸಿದ್ದೆ. ಪೆನ್ನು ಮೂರು ದಿನಕ್ಕೆ ನಿಂತುಹೋಯಿತು. ಕಿನೋವಾ ಚೀಲದಲ್ಲೇ ಇತ್ತು. ಈಗ ಅದರ ನೆನಪಾಗಲು ಒಂದು ಲೆಕ್ಕಾಚಾರವಿತ್ತು. ಅನ್ನ ಮಾಡಿದರೆ ಅದು ಮುದ್ದೆಯಾಯಿತು, ನುಚ್ಚಾಯಿತು ಎಂದು ಯಾರಾದರೂ ತಪ್ಪು ಹುಡುಕಬಹುದು. ಉಪ್ಪಿಟ್ಟು ಮಾಡಿದರೆ ಇಡೀ ಓಣಿಯೇ ತೀರ್ಪು ಕೊಡುತ್ತದೆ. ಆದರೆ ಕಿನೋವಾ ಹೇಗಿರಬೇಕೆಂದು ನಮ್ಮ ಓಣಿಯಲ್ಲಾಗಲಿ ಬಾವನ ಊರಿನಲ್ಲಾಗಲಿ ಒಬ್ಬರಿಗೂ ಗೊತ್ತಿಲ್ಲ. ನಾನು ಮಾಡಿದ್ದೇ ಸರಿ! ಸ್ಪಷ್ಟೀಕರಣ ಕೇಳುವವರೇ ಇಲ್ಲದಂಥ ಸುದ್ದಿ ವರದಿಗಾರನಿಗೆ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ.

ಶುಕ್ರವಾರ ಮೊದಲ ಪ್ರಯೋಗ. ಚಟ್ನಿಪುಡಿ, ಬೆಲ್ಲ ಎಲ್ಲವನ್ನೂ ಹೊರಗಿಟ್ಟೆ. ಆಂಜನೇಯನನ್ನು ಮಾತ್ರ ಅಲ್ಲೇ ಬಿಟ್ಟೆ, ಆತನ ಅಗತ್ಯವಿತ್ತು. ಸುಮಾಗೆ ಫೋನು ಮಾಡಿದೆ. “ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಗಾಜಿನ ಬಟ್ಟಲು, ಅರ್ಧಕ್ಕ ನಿಲ್ಲಿಸಿ ಒಂದ್ಸಲ ಕೈಯಾಡ್ಸು, ಆಮೇಲೆ ಮುಚ್ಚಿಟ್ಟು ಬಿಡು” ಎಂದಳು. ಇಷ್ಟೇನಾ ಎನಿಸಿತು. ಗಾಜಿನ ಬಟ್ಟಲು ಎಂದರೆ ನಮ್ಮಲ್ಲಿ ಇದ್ದದ್ದು ಉಪ್ಪಿನಕಾಯಿ ಬಡಿಸುವುದಕ್ಕಿಂತ ಸ್ವಲ್ಪ ದೊಡ್ಡದು. ಕಾಳು, ನೀರು ಸುರಿದಾಗ ಅಂಚಿನವರೆಗೆ ಬಂತು. ಗುಂಡಿ ಒತ್ತಿದೆ. ಒಳಗೆ ದೀಪ ಹತ್ತಿ ಬಟ್ಟಲು ಮೆಲ್ಲಗೆ ಸುತ್ತತೊಡಗಿತು. ಜಯಮ್ಮ ಕುರ್ಚಿ ಎಳೆದುಕೊಂಡು ಬಂದು ಟಿವಿ ನೋಡುವಂತೆ ಕುಳಿತಳು. ಸ್ವಲ್ಪ ಹೊತ್ತಿಗೆ ಬಟ್ಟಲಿನಿಂದ ಬಿಳಿ ನೊರೆ ಏಳತೊಡಗಿತು. ಎದ್ದದ್ದು ಕೂರಲಿಲ್ಲ. ಅಂಚು ದಾಟಿ, ತಟ್ಟೆ ತುಂಬಿ, ಬಾಗಿಲಿನ ಸಂದಿಯಿಂದ ಹೊರಗೆ ಇಣುಕಿತು.

“ರೀ, ಅದುಕ್ಕೇನ್ ಸೋಪ್ ಹಾಕಿದ್ರಾ?” ಎಂದಳು ಜಯಮ್ಮ.

ಉಳಿದದ್ದನ್ನು ಒಂದು ತಟ್ಟೆಗೆ ಹಾಕಿ ಇಬ್ಬರೂ ರುಚಿ ನೋಡಿದೆವು. ಕಹಿ. ಬೇವಿನಂಥ ಕಹಿಯಲ್ಲ, ಬಾಯಿ ತೊಳೆದರೂ ಹೋಗದಂಥ ಕಹಿ.

“ಸೀಗೇಕಾಯ್ ನೀರಂಗೈತೆ ಕಣ್ರೀ. ಎಸೀಬ್ಯಾಡಿ, ತಲೆಗಾದ್ರೂ ಆಯ್ತದೆ” ಎಂದು ಜಯಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಆಮೇಲೆ, “ನಾನಿಲ್ದಿದ್ರೆ ನೀವೇನ್ ತಿಂತೀರಾ ಅಂತ!” ಎಂದು ಮತ್ತೆ ಕೇಳಿದಳು.

ಸುಮಾ ಫೋನಿನಲ್ಲಿ, “ಅಪ್ಪಾ, ತೊಳದಿಲ್ಲೇನು?” ಎಂದಳು. ತೊಳೆದಿರಲಿಲ್ಲ. ಪ್ಯಾಕೆಟಿನ ಮೇಲೆ ‘ಶುದ್ಧೀಕರಿಸಿದ್ದು’ ಎಂದು ಅಚ್ಚಾಗಿತ್ತು. ಅಧಿಕೃತ ಮೂಲ ಹೇಳಿದ ಮೇಲೆ ಇನ್ನೇನು ಎಂದುಕೊಂಡಿದ್ದೆ. ಕಿನೋವಾದ ಮೈಮೇಲೆ ಕಹಿ ನೊರೆಯ ಪದರ ಇರುತ್ತದೆಂದೂ, ನೊರೆ ನಿಲ್ಲುವವರೆಗೆ ಉಜ್ಜಿ ಉಜ್ಜಿ ತೊಳೆಯಬೇಕೆಂದೂ ಆಗ ತಿಳಿಯಿತು.

ಶನಿವಾರ ಎರಡನೆಯ ಪ್ರಯೋಗ. ಪೇಟೆಯಿಂದ ದೊಡ್ಡ ಗಾಜಿನ ಬಟ್ಟಲು ತಂದೆ. ಕಾಳನ್ನು ತೆಳು ಪಂಚೆಯ ತುಂಡಿನಲ್ಲಿ ಕಟ್ಟಿ, ಬಕೆಟಿನಲ್ಲಿ ಅದ್ದಿ ಅದ್ದಿ, ಅಂಗಿಯ ಕಾಲರ್ ಉಜ್ಜುವಂತೆ ಉಜ್ಜಿದೆ. ನೀರು ತಿಳಿಯಾಯಿತು. ಎಲ್ಲ ಸರಿಯಾಗಿ ಜೋಡಿಸಿ, ಆಂಜನೇಯನಿಗೆ ಕೈಮುಗಿದು ಗುಂಡಿ ಒತ್ತಿದೆ. ಬಟ್ಟಲು ಎರಡು ಸುತ್ತು ಸುತ್ತುವಷ್ಟರಲ್ಲಿ ‘ಟಪ್’ ಎಂದಿತು. ಮೈಕ್ರೋವೇವಿನ ದೀಪ ಆರಿತು, ಫ್ಯಾನು ನಿಂತಿತು, ಮುಂದಿನ ಭಾಗದಲ್ಲಿ ನಾಲ್ಕೂ ಮಿಷನ್ ಒಮ್ಮೆಲೇ ನಿಂತವು. ಆ ಮೌನದಲ್ಲಿ ನನಗೆ ನನ್ನ ಉಸಿರು ಕೇಳಿಸಿತು. ಎರಡೂ ಮನೆಗೆ ಒಂದೇ ಮೀಟರು, ಒಂದೇ ಫ್ಯೂಸು ಎಂಬುದು ನೆನಪಾಯಿತು.

ತಿಪ್ಪೇಸ್ವಾಮಿ ಕೊರಳಿಗೆ ಟೇಪು ಹಾಕಿಕೊಂಡೇ ಓಡಿಬಂದ. ಕೈಯಲ್ಲಿ ಅರ್ಧ ಹೊಲಿದ ಪ್ಯಾಂಟು, ಅದಕ್ಕೆ ಒಂದೇ ಕಾಲು.

“ಏನ್ ಹಚ್ಚೀರಿ ಸಾರ್, ಕರೆಂಟೇ ಹೋತಲ್ರಿ?”

“ಅಡಿಗಿ ಮಾಡಾಕತ್ತೀನಿ ತಿಪ್ಪೇಸ್ವಾಮಿ.”

ಅವನು ಗ್ಯಾಸ್ ಒಲೆ ನೋಡಿದ. ಅದು ಆರಿತ್ತು. ಆಮೇಲೆ ನನ್ನ ಬೆರಳು ತೋರಿಸಿದ ಕಡೆ ನೋಡಿದ. “ಅದು ಚಟ್ನಿಪುಡಿ ಡಬ್ಬಿ ಅಲ್ಲೇನ್ರಿ?” ಎಂದ.

ಅವನ ಹಿಂದೆಯೇ ಬಂದ ರತ್ನಮ್ಮ ಬಾಗಿಲಲ್ಲಿ ನಿಂತು, “ಯಾಕ್ರಿ ಸಾರ್, ಸಂಕಟ ಪಡ್ತೀರಿ? ನಾಕು ರೊಟ್ಟಿ ಬಡದ್ರ ನಿಮಗೂ ಆತು, ಅಕ್ಕಗೂ ಆತು” ಎಂದಳು.

ನಾನು ಪಂಥದ ವಿಷಯ ಹೇಳಿದೆ. ಇಬ್ಬರಿಗೂ ಕೂಡಲೇ ಉತ್ಸಾಹ ಬಂತು. ಮಡಕಶಿರದವರ ಮುಂದೆ ರಾಯದುರ್ಗ ಸೋಲಬಾರದು ಎಂಬ ಭಾವನೆ ತಿಪ್ಪೇಸ್ವಾಮಿಯಲ್ಲಿ ಎಷ್ಟು ಗಟ್ಟಿಯಾಗಿದೆಯೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಫ್ಯೂಸಿಗೆ ತಂತಿ ಕಟ್ಟುತ್ತಲೇ ಅವನು ಒಂದು ಒಪ್ಪಂದ ಮಂಡಿಸಿದ: “ನಾಳಿ ಪಾರ್ಟಿ ಬಂದು ಮಾಲ್ ಒಯ್ತಾರ್ರಿ, ಸಂಡೇನೂ ಕೆಲಸ ಐತಿ. ಆದ್ರ ಮಧ್ಯಾಹ್ನ ಊಟಕ್ಕ ಮಿಷನ್ ಬಂದ್ ಮಾಡ್ತೀವಲ್ಲ, ಅವಾಗ ಹಚ್ರಿ. ನಾ ಬಂದು ಹೇಳೂತನ ಗುಂಡಿ ಒತ್ತಬ್ಯಾಡ್ರಿ. ಮತ್ತ, ನಮಗೂ ಒಂದು ತಟ್ಟಿ ಬರಬೇಕ್ರಿ.” ಸಾರು ತಾನು ಮಾಡಿಕೊಡುತ್ತೇನೆಂದು ರತ್ನಮ್ಮ ಹೇಳಿದಳು. ಇದು ನಿಯಮಬಾಹಿರವೋ ಎಂದು ನಾನು ಸ್ವಲ್ಪ ಯೋಚಿಸಿದೆ. ಪತ್ರಿಕೆಯಲ್ಲಿ ಬೇರೆಯವರ ಚಿತ್ರ ಬಳಸಿ ಕೆಳಗೆ ‘ಕೃಪೆ’ ಎಂದು ಹಾಕುತ್ತೇವಲ್ಲ, ಹಾಗೆಯೇ ‘ಸಾರು: ರತ್ನಮ್ಮನವರ ಕೃಪೆ’ ಎಂದುಕೊಂಡು ಒಪ್ಪಿದೆ.

ಭಾನುವಾರ ಬಾವ ಬಂದಾಗ ಇನ್ನೂ ಬಿಸಿಲು ಏರಿರಲಿಲ್ಲ. ಕಾರಿನ ಡ್ರೈವರ್ ಅವರನ್ನು ಇಳಿಸಿ, ರಾಯದುರ್ಗಕ್ಕೆ ಬಂದವರೆಲ್ಲ ಮಾಡುವಂತೆ ಜೀನ್ಸ್ ಅಂಗಡಿ ಹುಡುಕಿಕೊಂಡು ಹೋದ. ಬಾವನ ಒಂದು ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ಇನ್ನೊಂದರಲ್ಲಿ ತುಪ್ಪದ ಡಬ್ಬಿ, ಕಂಕುಳಲ್ಲಿ ಮುದ್ದೆ ತಿರುವುವ ಕೋಲು. ಗೆಲ್ಲುವವರು ಪಟಾಕಿ ಮೊದಲೇ ತಂದಿಟ್ಟುಕೊಳ್ಳುತ್ತಾರಲ್ಲ, ಹಾಗೆ. ತಂಗಿಯ ಪ್ಲಾಸ್ಟರನ್ನು ಮುಟ್ಟಿ ನೋಡಿ, “ನೋಯ್ತದೇನವ್ವ?” ಎಂದು ಕೇಳಿದಾಗ ಅವರ ದನಿ ಬೇರೆಯೇ ಇತ್ತು. ನನ್ನ ಕಡೆ ತಿರುಗಿದಾಗ ಮತ್ತೆ ಮೊದಲಿನಂತಾಯಿತು. ಅಡುಗೆಮನೆಯ ಹೊಸ್ತಿಲಿನ ಹತ್ತಿರ ಮಣೆ ಹಾಕಿಕೊಂಡು ಕುಳಿತರು.

ಮಧ್ಯಾಹ್ನ ತಿಪ್ಪೇಸ್ವಾಮಿ ಬಂದು, “ಬಂದ್ ಮಾಡೀವಿ ಸಾರ್, ಒತ್ರಿ” ಎಂದ. ಮುಂದಿನ ಭಾಗದ ಮಿಷನ್ ಸದ್ದು ನಿಂತಿತ್ತು. ನಾನು ಒತ್ತಿದೆ. ಬಾವ ಕತ್ತು ಮುಂದೆ ಚಾಚಿ ನೋಡಿದರು.

“ಬಾವ, ಉರಿ ಎಲ್ಲೈತೆ?”

“ಒಳಗೈತ್ರಿ.”

“ಕಾಣಲ್ವಲ್ಲ?”

“ಕಾಣಂಗಿಲ್ರಿ ಅದು.”

“ಕಾಣ್ದಿರೋ ಉರೀನ ನಂಬ್ಕಂಡು ನಮ್ ಹುಡ್ಗೀನ ಬಿಟ್ಟೋಗ್ಬೇಕಾ ನಾನು?” ಎಂದವರು, ಮೇಲಿದ್ದ ಫೋಟೋ ಕಂಡು ಮೆತ್ತಗಾದರು. “ಮ್ಯಾಲೆ ಸ್ವಾಮಿ ಅವ್ನೆ, ಏನೋ ಮಾಡ್ಕಳಿ” ಎಂದು ಎರಡೂ ಕೈ ಕೆನ್ನೆಗೆ ಮುಟ್ಟಿಸಿಕೊಂಡರು.

ಅರ್ಧಕ್ಕೆ ನಿಲ್ಲಿಸಿ ಬಾಗಿಲು ತೆರೆದೆ. ನೊರೆಯಿಲ್ಲ, ಉಕ್ಕಿಲ್ಲ. ಕಾಳು ಉಬ್ಬುತ್ತಿತ್ತು. ಚಮಚದಿಂದ ಒಂದು ಸಲ ಮೆಲ್ಲಗೆ ಕೈಯಾಡಿಸಿದೆ. ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಮುದ್ದೆಕೋಲು ತೂರಿ ಬಂತು. “ಇಂಗೆ ಮುಟ್ಟೀ ಮುಟ್ಟದಂಗೆ ಆಡ್ಸುದ್ರೆ ಗಂಟಾಯ್ತದೆ ಬಾವ, ಸರೀರಿ, ನಾನ್ ತಿರುವ್ತೀನಿ!” ಎಂದರು ಬಾವ. ಅವರಿಗೆ ಕೆಡಿಸುವ ಉದ್ದೇಶವಿರಲಿಲ್ಲ. ಪಾತ್ರೆಯಲ್ಲಿ ಏನಾದರೂ ಬೇಯುತ್ತಿದ್ದರೆ ಅದನ್ನು ತಿರುವದೆ ಬಿಡಲು ಅವರ ತೋಳಿಗೆ ಗೊತ್ತಿಲ್ಲ, ಅಷ್ಟೇ. ಆ ತೋಳು ಒಂದು ಸಲ ಒಳಗೆ ಹೋಗಿದ್ದರೆ ನನ್ನ ಕಿನೋವಾ ಅಂಟಾಗಿ, ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ತಿಪ್ಪೇಸ್ವಾಮಿ ಹಿಂದಿನಿಂದ ಕೋಲು ಹಿಡಿದುಕೊಂಡ. “ಬ್ಯಾಡ್ರಿ ಯಜಮಾನ್ರ, ಕೋಲು ಬಿಡ್ರಿ, ಸಾರ್ ಮಾಡ್ತಾರ ಬಿಡ್ರಿ” ಎಂದು ಅವನು ಎಳೆಯುತ್ತಿರುವಾಗ ನಾನು ಬಾಗಿಲು ಮುಚ್ಚಿ ಮತ್ತೆ ಗುಂಡಿ ಒತ್ತಿಬಿಟ್ಟೆ. ಜಯಮ್ಮ ಎಡಗೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಬಟ್ಟಲು ಹೊರಗೆ ಬಂದಾಗ ಕಾಳು ಕಾಳಾಗಿ, ಹಗುರವಾಗಿ, ಒಂದೊಂದರ ಮೈಗೂ ದಾರದ ಎಳೆಯಂಥ ಬಿಳಿ ಬಾಲ ಬಂದಿತ್ತು. ನನಗೆ ನನ್ನ ಮೊದಲ ವರದಿ ಅಚ್ಚಿನಲ್ಲಿ ಕಂಡಾಗ ಆದಷ್ಟೇ ಸಂತೋಷವಾಯಿತು.

ಬಾವನ ತಟ್ಟೆಗೆ ಹಾಕಿ ಮೇಲೆ ರತ್ನಮ್ಮನ ಹುರುಳಿಕಾಳಿನ ಸಾರು ಸುರಿದೆ. ಅವರು ಬೆರಳು ಕೂಡಿಸಿ, ಕಾಳನ್ನು ಒತ್ತಿ ಒತ್ತಿ ಹೇಗೋ ಒಂದು ಉಂಡೆ ಮಾಡಿದರು. ಸಾರಿನಲ್ಲಿ ಹೊರಳಿಸಿದರು. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಹುಟ್ಟಿದಾಗಿನಿಂದ ಮಾಡಿದಂತೆಯೇ, ಸೀದಾ ಗಂಟಲಿಗೆ ಎಸೆದು ನುಂಗಿದರು. ಉಂಡೆ ಗಂಟಲಿನ ಬಾಗಿಲಲ್ಲೇ ಬಿಚ್ಚಿಕೊಂಡಿರಬೇಕು. ಅವರ ಕಣ್ಣು ಅಗಲವಾಯಿತು, ಮುಖ ಕೆಂಪಾಯಿತು, ಒಂದು ದೊಡ್ಡ ಕೆಮ್ಮು ಬಂತು. ತಿಪ್ಪೇಸ್ವಾಮಿ ನೀರು ಕೊಟ್ಟ.

“ಇದೇನ್ ಬಾವ, ಗಂಟ್ಲಾಗೆ ಮರ್ಳು ಸುರ್ದಂಗಾಯ್ತಲ್ಲ!”

ಈ ಒಂದು ಕ್ಷಣಕ್ಕೆ ನಾನು ಮೂವತ್ತು ವರ್ಷ ಕಾದಿದ್ದೆನೆಂದು ನನಗೇ ಆಗ ಗೊತ್ತಾಯಿತು. ಅವಸರ ಮಾಡಲಿಲ್ಲ. ಅವರು ನೀರು ಕುಡಿದು ಮುಗಿಸುವವರೆಗೆ ಕಾದು, ಆದಷ್ಟು ತಣ್ಣಗೆ ಹೇಳಿದೆ:

“ಬಾವ, ಇದನ್ನ ಅಗೀಬೇಕ್ರಿ.”

ಜಯಮ್ಮನ ನಗು ಈಗ ಸೆರಗಿಗೆ ನಿಲ್ಲಲಿಲ್ಲ. “ಬನ್ರೇ ರತ್ನಮ್ಮ, ಬನ್ನಿ, ನಮ್ಮಣ್ಣ ಅಗೀತಾವ್ನೆ!” ಎಂದು ಕೂಗಿದಳು. ಬಾವ ಮೊದಲು ತಂಗಿಯನ್ನು, ಆಮೇಲೆ ನನ್ನನ್ನು ನೋಡಿದರು. ಹಳೆಯದೆಲ್ಲ ಅವರಿಗೂ ನೆನಪಾಗಿತ್ತು. ತುಟಿಯ ಮೂಲೆಯಲ್ಲಿ ನಗು ಬಂತು, ಅದನ್ನು ಮೀಸೆಯಡಿ ಅಡಗಿಸಿಕೊಂಡರು. ತಾವು ತಂದ ತುಪ್ಪವನ್ನೇ ಸುರಿದುಕೊಂಡು, ಶೇಂಗಾ ಚಟ್ನಿಪುಡಿ ಕಲಸಿ, ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತ ನಿಂತೆವು. ಎರಡನೆಯ ತುತ್ತು, ಮೂರನೆಯ ತುತ್ತು. ತಟ್ಟೆ ಖಾಲಿಯಾಯಿತು. ತಟ್ಟೆಯನ್ನು ನನ್ನ ಕಡೆ ಚಾಚಿದರು. ನಾನು ಮತ್ತೊಂದಿಷ್ಟು ಹಾಕಿದೆ.

ಅದೂ ಮುಗಿದ ಮೇಲೆ ಕೈ ತೊಳೆದು ಬಂದು, ಎಲ್ಲರ ಮುಂದೆ ಹೇಳಿದರು: “ಸುಳ್ಯಾಕ್ ಹೇಳ್ಲಿ? ದವಡೆ ನೋಯ್ತಾ ಐತೆ, ಆದ್ರೆ ಊಟ ಚೆನ್ನಾಗೈತೆ. ಮಾತಂದ್ರೆ ಮಾತು. ಉಣ್ಣಾಕಿಕ್ಕೋ ಗಂಡ ಇರೋವಾಗ ನಾನ್ಯಾಕ್ ಕರ್ಕಂಡೋಗ್ಲಿ? ನಮ್ ಹುಡ್ಗಿ ಇಲ್ಲೇ ಇರ್ಲಿ ಬಿಡಿ.”

ತಿಪ್ಪೇಸ್ವಾಮಿ ಚಪ್ಪಾಳೆ ತಟ್ಟಿದ. ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆಯೊಳಗೆ ಮಾತ್ರ ಮುಖಪುಟ ತಯಾರಾಗುತ್ತಿತ್ತು: ‘ರಾಯದುರ್ಗಕ್ಕೆ ಜಯ’. ಜಯಮ್ಮನಿಗೂ ಈ ತಲೆಬರಹ ಹಿಡಿಸಬಹುದೆಂದು ಅತ್ತ ತಿರುಗಿದರೆ, ಆಕೆ ಅಲ್ಲಿರಲಿಲ್ಲ. ಒಳಗಿನ ಕೋಣೆಯಿಂದ ರತ್ನಮ್ಮನ ಕೈಲಿ ಒಂದು ಚೀಲ ಹೊರಿಸಿಕೊಂಡು ಬಂದಳು. ತುಂಬಿದ ಚೀಲ. ಯಾವಾಗಲೋ ತುಂಬಿಟ್ಟ ಚೀಲ.

“ಇನ್ನೇನ್ ಯೋಚ್ನೆ ಇಲ್ಲ ಬಿಡಣ್ಣ” ಎಂದಳು ಜಯಮ್ಮ. “ಇವ್ರು ಉಪಾಸ ಬಿದ್ಬಿಡ್ತಾರೆ ಅಂತಾನೆ ನಾನು ಬರಾಕ್ ಇಂದುಮುಂದು ನೋಡ್ತಿದ್ದುದ್ದು. ಈಗ್ ಇವ್ರುಗೆ ಮಾಡ್ಕಳಾಕ್ ಬತ್ತದೆ. ನಡಿ, ವೊತ್ತಿದ್ದಂಗೆ ವೋಗಾನ. ಮುದ್ದೆ ತಿಂದು ಎಷ್ಟ್ ದಿನ ಆಯ್ತು!”

ನಾನು ಬಾವನನ್ನು ನೋಡಿದೆ, ಬಾವ ನನ್ನನ್ನು ನೋಡಿದರು. ನಾವಿಬ್ಬರೂ ಫೋನಿನಲ್ಲಿ ಪಂಥ ಕಟ್ಟಿದೆವು, ಷರತ್ತು ಹಾಕಿದೆವು, ತೀರ್ಪು ಕೊಟ್ಟೆವು. ಸುದ್ದಿ ಯಾರ ಬಗ್ಗೆಯೋ ಅವರನ್ನು ಒಬ್ಬರೂ ಕೇಳಿರಲಿಲ್ಲ. ‘ನಾನಿಲ್ದಿದ್ರೆ ನೀವೇನ್ ತಿಂತೀರಾ’ ಎಂಬುದು ಹಂಗಿಸುವ ಮಾತಾಗಿರಲಿಲ್ಲ, ನಿಜವಾಗಿಯೂ ಪ್ರಶ್ನೆಯಾಗಿತ್ತು. ಎರಡು ದಿನ ಬೆವರು ಸುರಿಸಿ, ಫ್ಯೂಸು ಸುಟ್ಟು, ನಾಲ್ಕು ಮಿಷನ್ ನಿಲ್ಲಿಸಿ, ನಾನು ಅದಕ್ಕೆ ಸಮರ್ಪಕ ಉತ್ತರ ಕೊಟ್ಟಿದ್ದೆ.

ಹೊಸ ಪ್ಯಾಂಟುಗಳ ಗಂಟು ಹಿಡಿದು ಡ್ರೈವರ್ ಬಂದ. ಜಯಮ್ಮ ಕಾರಿನಲ್ಲಿ ಕೂತು, ಕಿಟಕಿಯಿಂದ ಚಟ್ನಿಪುಡಿ ಎಲ್ಲಿದೆ, ಉಪ್ಪು ಎಲ್ಲಿದೆ ಎಂದು ಹೇಳಿದಳು. ಉಪ್ಪಿನ ಡಬ್ಬಿಯ ಬಗ್ಗೆ ಸಂಬಂಧಪಟ್ಟವರಿಂದ ಕೊನೆಗೂ ಪ್ರತಿಕ್ರಿಯೆ ಸಿಕ್ಕಿತು. ಬಾವ ರಾಗಿ ಹಿಟ್ಟಿನ ಚೀಲವನ್ನು ವಾಪಸು ಕಾರಿಗೆ ಹಾಕಿಕೊಂಡರು. “ನಿಮ್ಗಿದು ಬ್ಯಾಡ ಬಿಡಿ ಬಾವ, ನೀವು ಅಗ್ಯೋರು” ಎಂದರು.

ಈಗ ದಿನವೂ ಮಧ್ಯಾಹ್ನ ತಿಪ್ಪೇಸ್ವಾಮಿ ಮಿಷನ್ ನಿಲ್ಲಿಸಿ, “ಒತ್ರಿ ಸಾರ್” ಎಂದು ಕೂಗುತ್ತಾನೆ. ನಾನು ಒತ್ತುತ್ತೇನೆ. ಪ್ಯಾಕೆಟ್ ದೊಡ್ಡದು, ಮುಗಿಯುವ ಲಕ್ಷಣವಿಲ್ಲ. ಮನೆ ನಾನಂದುಕೊಂಡಷ್ಟೇ ಖಾಲಿಯಾಗಿದೆ. ನಿನ್ನೆ ಸಂಜೆ ಜಯಮ್ಮ ಫೋನು ಮಾಡಿದಾಗ, “ಊಟ ಏನ್ ಮಾಡ್ಕಂಡ್ರಿ?” ಎಂದು ಕೇಳಿದಳು. ನಾನು ದನಿಯನ್ನು ಆದಷ್ಟು ಕುಗ್ಗಿಸಿ ಹೇಳಿದೆ: “ಯಾಕೋ ಇವತ್ತು ಎಲ್ಲಾ ಕಹಿ ಆಗಿಬಿಡ್ತು ಜಯಾ. ಉಕ್ಕಿ ಹೋತು. ಏನೂ ತಿಂದಿಲ್ಲ.”

ವೃತ್ತಿಗೆ ಬಂದ ಮೇಲೆ ನಾನು ತಿಳಿದು ತಿಳಿದು ಕಳಿಸಿದ ಮೊದಲ ಸುಳ್ಳು ವರದಿ ಅದು. ಕಾಳನ್ನು ಎಂದಿಗಿಂತ ಚೆನ್ನಾಗಿ ತೊಳೆದಿದ್ದೆ, ಎರಡು ತಟ್ಟೆ ತಿಂದಿದ್ದೆ.

“ಅಯ್ಯೋ ಪಾಪ!” ಎಂದಳು ಜಯಮ್ಮ. ನನಗೆ ಆಸೆ ಹುಟ್ಟಿತು. ಆಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು: “ಮಧ್ಯಾಹ್ನ ರತ್ನಮ್ಮಂಗೆ ಫೋನ್ ಮಾಡಿದ್ದೆ. ಇವತ್ತಿಂದು ಭಾನ್ವಾರದ್ಕಿಂತ ಚೆನ್ನಾಗಿತ್ತಂತೆ. ಅವ್ಳಿಗೂ ಒಂದ್ ತಟ್ಟೆ ಕೊಟ್ರಂತಲ್ಲ?”

ನನ್ನ ಒಬ್ಬನ ಮಾತನ್ನು ನಂಬದೆ, ಆಕೆ ಇನ್ನೊಬ್ಬರನ್ನೂ ಕೇಳಿದ್ದಳು.